ಗರ್ಭಸ್ಥ ಪಾದವೂ ಕರ್ಮವಿಚಾರವೂ

ಸೊಟ್ಟಪಾದಗಳೊಡನೆ ಮಗುವೊಂದು ಹುಟ್ಟಿದರೆ, ವೈದ್ಯರನ್ನು ಕೇಳುವುದಕ್ಕೆ ಮೊದಲೇ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದುಂಟು: ಇದು ಯಾರ ಪಾಪದ ಫಲ? ಬಸುರಿಯಾಗಿದ್ದಾಗ ತಾಯಿ ಗ್ರಹಣಕಾಲದಲ್ಲಿ ಹೊರಗೆ ಬಂದಿದ್ದಳೆ, ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದ್ದಳೆ, ತಂದೆಯ ಮನೆತನದಲ್ಲಿ ಯಾರಾದರೂ ನಾಗರಹಾವನ್ನು ಹೊಡೆದು ಕೊಂದಿದ್ದರೆ, ಅಥವಾ ಈ ಎಳೆಯ ಜೀವವೇ ಯಾವುದೋ ಹಿಂದಣ ಜನ್ಮದಲ್ಲಿ ಪೂಜ್ಯರನ್ನು ಕಾಲಿನಿಂದ ಒದೆದಿತ್ತೆ ಎಂದು ನಾನಾ ವಿಧವಾಗಿ ಕವಲೊಡೆಯುವ ಆ ಪ್ರಶ್ನೆಯು, ಕೊನೆಗೆ ಬಂದು ನಿಲ್ಲುವುದು ಬಹುಮಟ್ಟಿಗೆ ಹಾಸಿಗೆಯಲ್ಲಿ ಮಲಗಿರುವ ಬಾಣಂತಿಯ ಮುಂದೆಯೇ.

ಸೋಲದೇವನಹಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೀಕ್ಷ್ಣತೆ ಬಂದಿದೆಯೆಂದು ನನಗೆ ತೋರುವುದು. 19ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯ ನೀರನ್ನು ಬೆಂಗಳೂರಿಗೆ ಎತ್ತಿಕೊಟ್ಟ ಪಂಪ್ ಹೌಸಿನ ಊರು ಅದು. ಇಂದು ಆಚಾರ್ಯ ವಿದ್ಯಾಸಂಸ್ಥೆಗಳಲ್ಲಿ ಔಷಧಶಾಸ್ತ್ರವನ್ನೂ ದಾದಿಯ ವೃತ್ತಿಯನ್ನೂ ಭೌತಚಿಕಿತ್ಸೆಯನ್ನೂ ಕಲಿಯಲು ಬಂದ ತರುಣ ತರುಣಿಯರ ಊರು. ಗರ್ಭಸ್ಥ ಶಿಶುವಿನ ಅಂಗರಚನೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿನಿಯೂ, ಮೊಮ್ಮಗುವಿನ ಪಾದ ಒಳಕ್ಕೆ ತಿರುಗಿದ್ದಕ್ಕೆ ಯಾವ ದೇವರ ಹರಕೆ ತಪ್ಪಿತೋ ಎಂದು ಕೊರಗುವ ಅಜ್ಜಿಯೂ ಹೆಸರಘಟ್ಟದ ರಸ್ತೆಯಲ್ಲಿ ಒಂದೇ ಬಸ್ಸಿನೊಳಗೆ ಅಕ್ಕಪಕ್ಕ ಕುಳಿತು ಪಯಣಿಸಬಹುದು. ಅವರಿಬ್ಬರ ತಿಳಿವುಗಳು ಮಾತ್ರ ಪರಸ್ಪರ ಮಾತನಾಡುವುದು ಅಪರೂಪ.

ಅಜ್ಜಿಯ ಪ್ರಶ್ನೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡಲು ನನಗೆ ಮನಸ್ಸಿಲ್ಲ. ಲೋಕದಲ್ಲಿ ದುಃಖವು ನಿಷ್ಕಾರಣವಾಗಿ ಬರಲಾರದು, ಸೃಷ್ಟಿಯ ತಳದಲ್ಲಿ ನ್ಯಾಯವೆಂಬುದೊಂದು ಇದ್ದೇ ಇರಬೇಕು ಎಂಬ ಗಾಢವಾದ ಶ್ರದ್ಧೆ ಅದರ ಹಿಂದೆ ಇದೆ. ಆ ಶ್ರದ್ಧೆಯು ಮನುಷ್ಯನನ್ನು ಎಷ್ಟೋ ಕಷ್ಟಗಳ ನಡುವೆ ಎತ್ತಿಹಿಡಿದಿದೆ. ಆದರೆ ತೀರ್ಪು ಹೇಳಲು ಹೊರಟವರು ಮೊದಲು ನಡೆದ ಸಂಗತಿಯನ್ನು ಅರಿತಿರಬೇಕೆಂಬುದು ನ್ಯಾಯದ ಮೊದಲ ನಿಯಮ. ಆದುದರಿಂದ ಗರ್ಭದ ಕತ್ತಲೆಯಲ್ಲಿ ಕಾಲು ಹೇಗೆ ರೂಪುಗೊಳ್ಳುವುದೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದು.

ಗರ್ಭಧಾರಣೆಯ ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ, ಭ್ರೂಣದ ಉದ್ದ ಇನ್ನೂ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿರುವಾಗ, ಅದರ ಪಕ್ಕೆಗಳಲ್ಲಿ ಮೊದಲು ತೋಳುಗಳ ಮೊಗ್ಗುಗಳೂ, ಒಂದೆರಡು ದಿನಗಳ ಅನಂತರ ಕಾಲುಗಳ ಮೊಗ್ಗುಗಳೂ ತಲೆದೋರುತ್ತವೆ. ಪ್ರತಿಯೊಂದು ಮೊಗ್ಗಿನ ತುದಿಯಲ್ಲಿಯೂ ಹೊರಪದರದ ಜೀವಕೋಶಗಳು ದಪ್ಪವಾಗಿ ಒಂದು ಏಣಾಗಿ ನಿಂತು, ತಮ್ಮ ಕೆಳಗಿನ ಮೃದುವಾದ ಕೋಶರಾಶಿಯು ಬೆಳೆಯುತ್ತಲೇ ಇರುವಂತೆ ರಾಸಾಯನಿಕ ಸಂಜ್ಞೆಗಳನ್ನು ಕಳುಹಿಸುತ್ತಿರುತ್ತವೆ. ಅಮೆರಿಕದ ಜಾನ್ ಸಾಂಡರ್ಸ್ ಎಂಬ ವಿಜ್ಞಾನಿ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೋಳಿಯ ಭ್ರೂಣದ ರೆಕ್ಕೆಯ ಮೊಗ್ಗಿನಿಂದ ಈ ಏಣನ್ನು ತೆಗೆದುಹಾಕಿದಾಗ ಅಂಗವು ಮೊಟಕಾಯಿತು. ಬೇಗ ತೆಗೆದಷ್ಟೂ ಹೆಚ್ಚು ಭಾಗ ನಷ್ಟವಾಯಿತು, ತಡವಾಗಿ ತೆಗೆದರೆ ತುದಿಯ ಭಾಗವಷ್ಟೇ ಇಲ್ಲವಾಯಿತು. ಮುಂದೆ ಆರರಿಂದ ಎಂಟನೆಯ ವಾರದೊಳಗೆ ಮೃದ್ವಸ್ಥಿಯ ಎಲುಬುಗಳು, ಕೀಲುಗಳು ಕಾಣಿಸಿಕೊಂಡು, ಚಪ್ಪಟೆಯಾದ ಪಾದದಲ್ಲಿ ಐದು ಬೆರಳುಗಳ ರೇಖೆಗಳು ಮೂಡುತ್ತವೆ. ಆ ರೇಖೆಗಳ ನಡುವಣ ಕೋಶಗಳು ತಾವಾಗಿಯೇ ಸತ್ತು ತೆರವಾಗುವುದರಿಂದ ಬೆರಳುಗಳು ಬಿಡಿಬಿಡಿಯಾಗುತ್ತವೆ, ಅವು ಸಾಯದೆ ಉಳಿದರೆ ಬೆರಳುಗಳು ಕೂಡಿಕೊಂಡೇ ಹುಟ್ಟುತ್ತವೆ. ರೂಪವೆಂಬುದು ಬೆಳವಣಿಗೆಯಿಂದ ಎಷ್ಟೋ ಸಾವಿನಿಂದಲೂ ಅಷ್ಟೇ ಎಂಬ ಈ ಸಂಗತಿಯು ಯಾವ ಉಪನಿಷತ್ಕಾರನನ್ನೂ ಧ್ಯಾನಕ್ಕೆ ಕೂರಿಸಬಲ್ಲದು. ಇದೇ ಕಾಲದಲ್ಲಿ ಇಡೀ ಕಾಲು ಒಳಮುಖವಾಗಿ ಸುಮಾರು 90 ಡಿಗ್ರಿ ತಿರುಗುತ್ತದೆ. ನಮ್ಮ ಮೊಣಕಾಲು ಮುಂದಕ್ಕೆ ಮುಖಮಾಡಿ, ಹೆಬ್ಬೆರಳು ಒಳಬದಿಗೆ ಬಂದಿರುವುದು ಆ ತಿರುವಿನ ಫಲ.

ಈ ಕ್ರಮದಲ್ಲಿ ಒಂದು ಹಂತವುಂಟು. ಏಳನೆಯ ವಾರದ ಸುಮಾರಿಗೆ ಭ್ರೂಣದ ಎರಡು ಅಂಗಾಲುಗಳೂ ಒಂದನ್ನೊಂದು ನೋಡುತ್ತ ಒಳಕ್ಕೆ ತಿರುಗಿರುತ್ತವೆ. ಕ್ರಮೇಣ ಅವು ಹೊರಳಿ, ನೆಲಕ್ಕೆ ಸಮತಟ್ಟಾಗಿ ಊರಬಲ್ಲ ಭಂಗಿಗೆ ಬರುತ್ತವೆ. ರಾಜನಾಗಲಿ ರೈತನಾಗಲಿ, ಓಟದಲ್ಲಿ ಪದಕ ಗೆದ್ದವನಾಗಲಿ, ಒಳದಿರುಗಿದ ಪಾದದ ಈ ಹಂತವನ್ನು ಹಾಯದೆ ಲೋಕಕ್ಕೆ ಬಂದವನಿಲ್ಲ. ಸೊಟ್ಟಪಾದವು ಆ ಹಂತದಲ್ಲಿಯೇ ನಿಂತುಹೋದ ಬೆಳವಣಿಗೆಯೋ, ಅಥವಾ ಒಮ್ಮೆ ನೆಟ್ಟಗಾದ ಪಾದವು ಮುಂದಣ ತಿಂಗಳುಗಳಲ್ಲಿ ಸ್ನಾಯುಬಂಧಗಳು ಬಿಗಿದು ಮತ್ತೆ ತಿರುಚಿಕೊಂಡದ್ದೋ ಎಂಬಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಸಾವಿರ ಜನನಗಳಲ್ಲಿ ಒಂದೋ ಎರಡೋ ಮಕ್ಕಳಿಗೆ ಇದು ಬರುವುದೆಂಬುದೂ, ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂಬುದೂ, ಅರ್ಧದಷ್ಟು ಮಕ್ಕಳಲ್ಲಿ ಎರಡು ಕಾಲುಗಳಲ್ಲಿಯೂ ಕಾಣುವುದೆಂಬುದೂ ಎಲ್ಲರೂ ಒಪ್ಪಿದ ಸಂಗತಿ. ಗ್ರಹಣವನ್ನು ನಂಬುವ ನಾಡಿನಲ್ಲಿಯೂ ನಂಬದ ನಾಡಿನಲ್ಲಿಯೂ ಇಂಥ ಮಕ್ಕಳು ಹುಟ್ಟುತ್ತಾರೆ. ಈ ರಚನೆಯಲ್ಲಿ ನಿಯಮವುಂಟು, ಊಹೆಗೆ ಮೀರಿದ ಸೂಕ್ಷ್ಮತೆಯುಂಟು, ಎಡವುವ ಸಾಧ್ಯತೆಯೂ ಉಂಟು. ಅಪರಾಧವನ್ನು ವಿಚಾರಿಸುವ ಕಣ್ಣು ಮಾತ್ರ ಅಲ್ಲಿ ಎಲ್ಲಿಯೂ ಕಾಣದು.

ಮನುಷ್ಯನ ಅಪರಾಧವು ನಿಜವಾಗಿಯೂ ಗರ್ಭದೊಳಗಿನ ಕಾಲನ್ನು ಮುಟ್ಟಿದ ಸಂದರ್ಭವೊಂದುಂಟು. ಔಷಧಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಅದನ್ನು ಓದುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಗುಳಿಗೆಯನ್ನು, ಅದು ನಿರಪಾಯಕರವೆಂಬ ಭರವಸೆಯ ಮೇಲೆ, ಬಸುರಿನ ವಾಕರಿಕೆಯನ್ನು ತಡೆಯಲೆಂದು ಹಲವು ದೇಶಗಳ ಹೆಂಗಸರು ನುಂಗಿದರು. 1961ರ ಕೊನೆಯಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ ಕೈಕಾಲುಗಳು ಮೊಟಕಾದ ಸಾವಿರಾರು ಮಕ್ಕಳು ಹುಟ್ಟಿದ್ದರು. ಗರ್ಭಧಾರಣೆಯ ಅನಂತರದ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗಿನ ಅಲ್ಪಕಾಲವೇ ಆ ವಿಷಕ್ಕೆ ತೆರೆದ ಬಾಗಿಲು. ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ಸರಿಯಾಗಿ ತಿಳಿದಿರದ ದಿನಗಳವು. ಅಲ್ಲಿ ಪಾಪವಿದ್ದುದು ಸಾಕಷ್ಟು ಪರೀಕ್ಷಿಸದೆ ಮಾರಿದವರಲ್ಲಿ; ಆದರೂ ಜೀವಮಾನವಿಡೀ ತನ್ನನ್ನು ತಾನೇ ಹಳಿದುಕೊಂಡವಳು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪ್ರಾಚೀನರು ಗರ್ಭವನ್ನು ಕುರಿತು ಮೌನವಾಗಿದ್ದವರಲ್ಲ. ಮೂರನೆಯ ತಿಂಗಳಲ್ಲಿ ಕೈಗಳು, ಕಾಲುಗಳು, ತಲೆ ಎಂಬ ಐದು ಪಿಂಡಗಳು ಮೂಡುವುವೆಂದು ಸುಶ್ರುತಸಂಹಿತೆಯ ಶಾರೀರಸ್ಥಾನ ಹೇಳುವುದು. ಕಣ್ಣಿಗೆ ಯಾವ ಯಂತ್ರದ ನೆರವೂ ಇಲ್ಲದ ಕಾಲದಲ್ಲಿ ಮೊಗ್ಗುಗಳಿಂದ ಅಂಗಗಳು ಅರಳುವುದನ್ನು ಕಂಡುಕೊಂಡದ್ದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಅದೇ ಗ್ರಂಥವು, ಗರ್ಭಿಣಿಯ ಬಯಕೆಗಳನ್ನು ಈಡೇರಿಸದಿದ್ದರೆ ಗೂನನೋ ಕುಂಟನೋ ಕುಳ್ಳನೋ ಹುಟ್ಟುವನೆಂದೂ ಹೇಳಿತು; ಗರ್ಭೋಪನಿಷತ್ತು ಕುರುಡು, ಕುಂಟು, ಗೂನು, ಕುಳ್ಳುಗಳಿಗೆ ಕಾರಣ ವ್ಯಾಕುಲವಾದ ಮನಸ್ಸೆಂದಿತು. ಈ ಮಾತುಗಳಲ್ಲಿ ಒಂದು ಕರುಣೆಯೂ ಅಡಗಿದೆಯೆಂಬುದನ್ನು ಮರೆಯಬಾರದು: ಬಸುರಿಯ ಬಯಕೆಯನ್ನು ತೀರಿಸಿ, ಆಕೆಯ ಮನಸ್ಸನ್ನು ನೋಯಿಸದೆ ಇರುವಂತೆ ಗಂಡನ ಮನೆಯವರನ್ನು ಅವು ಕಟ್ಟಿಹಾಕುತ್ತಿದ್ದುವು. ಮಗು ಹುಟ್ಟಿದ ಮೇಲೆ ಮಾತ್ರ ಅದೇ ಮಾತು ತಿರುಗಿ ಆಕೆಯ ಕೊರಳಿಗೇ ಬೀಳುವುದು. ಚರಕನ ದೃಷ್ಟಿ ಇದಕ್ಕಿಂತ ವಿಶಾಲವಾದುದು. ಅಂಗವೈಕಲ್ಯಕ್ಕೆ ಆತನು ಕೊಡುವ ಕಾರಣಗಳ ಸಾಲಿನಲ್ಲಿ ಬೀಜ, ಗರ್ಭಾಶಯ, ಕಾಲ, ಆಹಾರ, ವಿಹಾರಗಳ ಜೊತೆಯಲ್ಲಿ ಪೂರ್ವಕರ್ಮವೂ ಒಂದು, ಕೇವಲ ಒಂದು. ಬೀಜದ ಯಾವ ಭಾಗವು ಕೆಡುವುದೋ ಅದಕ್ಕೆ ಅನುಗುಣವಾದ ಅವಯವವು ವಿಕೃತವಾಗುವುದೆಂದೂ, ಆ ಭಾಗ ಕೆಡದಿದ್ದರೆ ಕುಂಟನ ಮಗ ಕುಂಟನಾಗಬೇಕಾದುದಿಲ್ಲವೆಂದೂ ಆತನು ತರ್ಕಿಸುತ್ತಾನೆ. ಎಲ್ಲವೂ ಮೊದಲೇ ನಿಯತವಾಗಿದ್ದರೆ ವೈದ್ಯಕ್ಕೆ ಕೆಲಸವೇನೆಂದು ಕೇಳಿ, ದುರ್ಬಲವಾದ ದೈವವನ್ನು ಪುರುಷಕಾರವು ಗೆಲ್ಲಬಲ್ಲದೆಂದು ಸಾರಿದವನೂ ಆತನೇ.

ಭ್ರೂಣದ ಕಾಲುಗಳನ್ನು ಕುರಿತ ನಮ್ಮ ಶ್ರೇಷ್ಠ ಕಥೆಯಿರುವುದು ಮಹಾಭಾರತದ ಆದಿಪರ್ವದಲ್ಲಿ. ಕಶ್ಯಪನ ಹೆಂಡಿರಾದ ಕದ್ರೂವಿನತೆಯರಲ್ಲಿ ಕದ್ರುವಿನ ಮೊಟ್ಟೆಗಳು ಐನೂರು ವರ್ಷಗಳ ಅನಂತರ ಒಡೆದು ನಾಗಗಳು ಹೊರಬಂದುವು. ತನ್ನ ಎರಡು ಮೊಟ್ಟೆಗಳು ಹಾಗೆಯೇ ಉಳಿದುದನ್ನು ಕಂಡು ನಾಚಿದ ವಿನತೆಯು, ಕಾಯಲಾರದೆ ಒಂದನ್ನು ಒಡೆದಳು. ಒಳಗಿದ್ದ ಮಗುವಿಗೆ ಸೊಂಟದಿಂದ ಮೇಲಣ ದೇಹ ಪೂರ್ತಿಯಾಗಿತ್ತು, ಕೆಳಗಣದು ಇನ್ನೂ ಆಗಿರಲಿಲ್ಲ. ಆ ಮಗು ಅರುಣ. ಕೋಪಗೊಂಡು ಹೆತ್ತವಳನ್ನೇ ಸವತಿಗೆ ದಾಸಿಯಾಗೆಂದು ಶಪಿಸಿದನು. ಮೇಲಣ ಅಂಗಗಳು ಮೊದಲು, ಕೆಳಗಣವು ತರುವಾಯ ಬೆಳೆಯುವುವೆಂಬ ಅರಿವು ಈ ಕಥೆಯಲ್ಲಿ ಅಚ್ಚರಿಯಾಗುವಷ್ಟು ನಿಚ್ಚಳವಾಗಿದೆ. ಜೊತೆಗೇ ಹಳೆಯ ಅಭ್ಯಾಸವೂ ಇದೆ: ಮಗುವಿಗೆ ಕಾಲಿಲ್ಲವೆಂದರೆ ತಪ್ಪು ತಾಯಿಯದು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತೊಡೆಗಳಿಲ್ಲದ ಆ ಅರುಣನನ್ನು ಕವಿಯು ಗುಡಿಯ ಬಾಗಿಲಲ್ಲಿ ಭಿಕ್ಷೆಗೆ ಕೂರಿಸಲಿಲ್ಲ, ಪೂರ್ವಪಾಪದ ನಿದರ್ಶನವೆಂದು ತೋರಿಸಲೂ ಇಲ್ಲ; ಜಗತ್ತನ್ನು ಬೆಳಗುವ ಸೂರ್ಯನ ರಥದ ಲಗಾಮನ್ನು ಅವನ ಕೈಗೆ ಕೊಟ್ಟನು. ಕಾಲಿಲ್ಲದವನಿಗೆ ಕೈಗಳ ಕೆಲಸ, ಅದೂ ಲೋಕದಲ್ಲಿ ಅತ್ಯಂತ ಹೊಣೆಗಾರಿಕೆಯ ಕೆಲಸ. ನಮ್ಮ ಪುರೋಹಿತರೂ ಪೌರಾಣಿಕರೂ ಶಾಪದ ಅರ್ಧವನ್ನು ಹೇಳಿದಷ್ಟು ಗಟ್ಟಿಯಾಗಿ ಲಗಾಮಿನ ಅರ್ಧವನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಹಾಗಾದರೆ ಕರ್ಮಸಿದ್ಧಾಂತವನ್ನು ಬಿಟ್ಟುಬಿಡಬೇಕೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ನೇರವಾಗಿಯೇ ಏಳುವುದು: ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಸೃಷ್ಟಿಸಿದ ಈಶ್ವರನು ಪಕ್ಷಪಾತಿಯೂ ನಿರ್ದಯನೂ ಅಲ್ಲವೆ? ಅಲ್ಲ, ಅವನು ಜೀವರ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುವನು ಎಂಬುದು ಅಲ್ಲಿಯ ಸಮಾಧಾನ; ಶಂಕರರು ಅದನ್ನು ವಿವರಿಸಿ, ಸಂಸಾರವು ಅನಾದಿಯಾದುದರಿಂದ ಮೊದಲ ಕರ್ಮ ಯಾವುದೆಂಬ ಆಕ್ಷೇಪಕ್ಕೆ ಎಡೆಯಿಲ್ಲವೆಂದರು. ಜೈನಶಾಸ್ತ್ರವು ಈಶ್ವರನನ್ನೇ ಬಿಟ್ಟು, ದೇಹದ ಆಕಾರವನ್ನು ಕಡೆಯುವ ನಾಮಕರ್ಮವೆಂಬುದನ್ನು ಹೇಳಿ, ಸುಂದರವಾದ ಸಮಚತುರಸ್ರದಿಂದ ಗೂನು ಕುಳ್ಳುಗಳವರೆಗೆ ಆಕಾರಗಳನ್ನು ಎಣಿಸಿತು. ಈ ವಿಚಾರಗಳ ಗಾಂಭೀರ್ಯಕ್ಕೆ ನಾನು ತಲೆಬಾಗುವೆನು. ಆದರೆ ಸೂತ್ರಕಾರನು ಎತ್ತಿಕೊಂಡದ್ದು ಈಶ್ವರನ ಮೇಲಣ ಅಪವಾದವನ್ನು ಕಳೆಯುವ ಕೆಲಸವನ್ನು. ಶಿಶುವಿನ ಮೇಲೆ ಅಪವಾದ ಹೊರಿಸುವ ಅಧಿಕಾರವನ್ನು ಅವನು ನೆರೆಮನೆಯವರಿಗೆ ಕೊಟ್ಟದ್ದು ನನಗೆಲ್ಲಿಯೂ ಕಾಣಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ಇವನ ತಂದೆತಾಯಿಗಳದೋ ಎಂದು ಯೇಸುವನ್ನು ಕೇಳಿದಾಗಲೂ, ಎರಡೂ ಅಲ್ಲವೆಂಬ ಉತ್ತರ ಬಂದಿತು. ಆ ಮಾತಿನ ಬೆನ್ನಿಗೇ ಚಿಕಿತ್ಸೆಯೂ ನಡೆಯಿತು.

ನನ್ನ ಅಭಿಪ್ರಾಯವಿಷ್ಟು: ಕರ್ಮವೆಂಬುದು ಉತ್ತಮಪುರುಷದಲ್ಲಿ ಮಾತ್ರ ಆಡತಕ್ಕ ಮಾತು. ‘ಇದು ನನ್ನ ಕರ್ಮ’ ಎಂದು ಒಬ್ಬನು ತನ್ನ ಕಷ್ಟವನ್ನು ತಾನೇ ಹೊತ್ತುಕೊಂಡು ಅದರಿಂದ ಧೈರ್ಯವನ್ನೋ ವಿನಯವನ್ನೋ ಪಡೆದರೆ ಅದು ಧರ್ಮ. ‘ಅದು ಅವನ ಕರ್ಮ’ ಎಂದು ಇನ್ನೊಬ್ಬನ ಕಾಲನ್ನು ತೋರಿಸಿದ ಗಳಿಗೆಯಲ್ಲಿ ಅದು ಕ್ರೌರ್ಯ. ಇದಕ್ಕೆ ನಮ್ಮ ನಾಡಿನಲ್ಲಿಯೇ ಉಜ್ಜ್ವಲವಾದ ಪ್ರಮಾಣವುಂಟು. 12ನೆಯ ಶತಮಾನದ ಬಸವಣ್ಣನವರು ವಚನವೊಂದರಲ್ಲಿ ಕೂಡಲಸಂಗಮದೇವನನ್ನು ಪ್ರಾರ್ಥಿಸಿ, ತಮ್ಮನ್ನು ಹೆಳವನನ್ನಾಗಿಯೂ ಕುರುಡನನ್ನಾಗಿಯೂ ಕಿವುಡನನ್ನಾಗಿಯೂ ಮಾಡೆಂದು ಬೇಡಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಲೋಕವು ಶಾಪವೆಂದು ಬಗೆದುದನ್ನು ಅವರು ವರವಾಗಿ ಬೇಡಿದರು, ಬೇಡಿದುದು ತಮಗಾಗಿ ಮಾತ್ರ. ಮತ್ತೊಬ್ಬರ ಕುಂಟುತನದಲ್ಲಿ ಕೃಪೆಯನ್ನಾಗಲಿ ಕೋಪವನ್ನಾಗಲಿ ಓದಲು ಅವರು ಹೋಗಲಿಲ್ಲ. ಹಳ್ಳಿಗಳ ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹೆಳವರೂ ಇಲ್ಲಿ ನೆನಪಿಗೆ ಬರುತ್ತಾರೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ನಡೆಯಲಾರದವರಂತೆ ಊರಿಗೆ ಬರುತ್ತಿದ್ದ ಆ ಜನರ ಬಾಯಿಂದ, ನಡೆಯಬಲ್ಲ ನಮ್ಮ ರೈತರು ತಮ್ಮ ಮುತ್ತಜ್ಜಂದಿರ ಹೆಸರುಗಳನ್ನು ಕೇಳಿ ತಿಳಿದುಕೊಂಡರು, ಕಾಳುಕಡ್ಡಿ ಕೊಟ್ಟು ಗೌರವಿಸಿದರು.

ಕರ್ಮದ ಮಾತು ಪರರ ಮೇಲೆ ಬಿದ್ದಾಗ ಎಷ್ಟು ಭಾರವಾಗಬಲ್ಲದೆಂಬುದನ್ನು ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆದರೆ ತಿಳಿಯಬಹುದು. 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಅಲ್ಲಿಯ ಕಾಯಿಲೆಯು ಸೊಂಟದ ಮತ್ತು ಮೊಣಕಾಲಿನ ಕೀಲುಗಳನ್ನು ಸವೆಯಿಸಿ, ಕೆಲವರನ್ನು ಕುಳ್ಳಾಗಿಸಿ, ಕೆಲವರು ತೆವಳಿಯೇ ಸಾಗುವಂತೆ ಮಾಡಿತು. ಅದಕ್ಕೆ ತುತ್ತಾದವರು ಬಹುಪಾಲು ಚನಂಗಿ ಮತ್ತು ಚಲುವಾದಿ ಸಮುದಾಯಗಳ ಬಡ ಕೂಲಿಕಾರರು. ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಲಾಯಿತು. ಅನಂತರದ ಸಂಶೋಧನೆಯಿಂದ ಅದು ವಂಶವಾಹಿಯಲ್ಲಿ ಹರಿದುಬರುವುದೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರಬಹುದೆಂದೂ ತಿಳಿಯಿತು. ಚರಕನು ಹೇಳಿದ ಬೀಜಭಾಗದ ಕೇಡಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಜಾತಿಯಲ್ಲಿ ಹುಟ್ಟಿದುದೇ ಪೂರ್ವಕರ್ಮದ ಫಲವೆಂದು ಶತಮಾನಗಳಿಂದ ಕೇಳಿಸಿಕೊಂಡವರಿಗೆ, ಕಾಲಿನ ನೋವನ್ನೂ ಅದೇ ಲೆಕ್ಕಕ್ಕೆ ಬರೆಯುವುದು ಎಷ್ಟು ಸುಲಭವೋ ಅಷ್ಟು ಅನ್ಯಾಯ.

ಶಾಪವೆನ್ನುವುದು ಒಂದು ಕೊನೆಯಾದರೆ ಅವತಾರವೆನ್ನುವುದು ಇನ್ನೊಂದು ಕೊನೆ. ಬಿಹಾರದ ಅರರಿಯಾ ಜಿಲ್ಲೆಯಲ್ಲಿ 2005ರಲ್ಲಿ ಹುಟ್ಟಿದ ಹೆಣ್ಣುಮಗುವೊಂದಕ್ಕೆ, ಪೂರ್ತಿಯಾಗಿ ಬೆಳೆಯದ ತಲೆಯಿಲ್ಲದ ಅವಳಿಯ ದೇಹವು ಸೊಂಟದಲ್ಲಿ ಕೂಡಿಕೊಂಡು, ನಾಲ್ಕು ಕೈಗಳೂ ನಾಲ್ಕು ಕಾಲುಗಳೂ ಇದ್ದುವು. ಮಗುವಿಗೆ ಲಕ್ಷ್ಮಿಯೆಂದು ಹೆಸರಿಟ್ಟರು. ಊರವರಲ್ಲಿ ಅನೇಕರು ದೇವಿಯೆಂದು ಕೈಮುಗಿದರು. 2007ರ ನವೆಂಬರಿನಲ್ಲಿ ಬೆಂಗಳೂರಿನ ಸ್ಪರ್ಶ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲರ ನೇ­ತೃತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು 27 ಗಂಟೆಗಳ ಶಸ್ತ್ರಚಿಕಿತ್ಸೆ ನಡೆಸಿ ಆ ಮಗುವನ್ನು ಬಿಡಿಸಿದರು. ಪೂಜಿಸಿದವರ ಭಕ್ತಿಯನ್ನು ನಾನು ಹಳಿಯಲಾರೆ, ಕಲ್ಲು ತೂರುವುದಕ್ಕಿಂತ ಕೈಮುಗಿಯುವುದು ಸಾವಿರ ಪಾಲು ಮೇಲು. ಆದರೂ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದ ತಂದೆತಾಯಿಗಳು ಆಕೆಯಲ್ಲಿ ಕಂಡದ್ದು ನಡೆಯಬೇಕಾದ ಒಂದು ಮಗುವನ್ನು. ಪೂಜೆಯಿಂದಲೂ ಶಾಪದಿಂದಲೂ ದೊರೆಯದ ದೃಷ್ಟಿ ಅದು.

ಈಗ ಪ್ರಶ್ನೆಯು ಹೊಸ ವೇಷದಲ್ಲಿ ಬಂದಿದೆ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿಯೇ ಪಾದದ ತಿರುವು ಬಹಳಷ್ಟು ಸಲ ಗೋಚರವಾಗುವುದರಿಂದ, ಯಾರ ಪಾಪವೆಂದು ಕೇಳುತ್ತಿದ್ದ ನಾಲಗೆ ಹುಟ್ಟಬೇಕೆ ಬೇಡವೆ ಎಂದು ಕೇಳತೊಡಗಿದೆ. ಬದುಕನ್ನೇ ಅಸಾಧ್ಯವಾಗಿಸುವ ಘೋರ ವೈಕಲ್ಯಗಳುಂಟು. ಅಲ್ಲಿ ತಾಯಿಯು ತೆಗೆದುಕೊಳ್ಳುವ ನಿರ್ಧಾರದ ಮೇಲೆ ಇನ್ನೊಂದು ಪಾಪದ ಹೊರೆಯನ್ನು ಹೇರಲು ನಾನು ಸಿದ್ಧನಿಲ್ಲ. ಬೇರೆ ದೋಷವಿಲ್ಲದ ಬರಿಯ ಸೊಟ್ಟಪಾದವು ಆ ಸಾಲಿಗೆ ಸೇರಿದುದಲ್ಲವೆಂಬುದನ್ನು ಮಾತ್ರ ಆಕೆಗೆ ಯಾರಾದರೂ ಸ್ಪಷ್ಟವಾಗಿ ಹೇಳಲೇಬೇಕು.

ಏಕೆಂದರೆ ಅದು ಸರಿಹೋಗುವಂಥದು. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ದುಡಿದ ಇಗ್ನೇಷಿಯೊ ಪಾನ್ಸೆಟಿ ರೂಪಿಸಿದ ವಿಧಾನದಲ್ಲಿ, ಎಳೆಯ ಪಾದವನ್ನು ಕೈಯಿಂದ ಮೆಲ್ಲನೆ ತಿದ್ದಿ ವಾರಕ್ಕೊಮ್ಮೆ ಹೊಸ ಪ್ಲಾಸ್ಟರ್ ಹಾಕುತ್ತ, ಸಾಮಾನ್ಯವಾಗಿ ಐದಾರು ಪ್ಲಾಸ್ಟರುಗಳಾದ ಮೇಲೆ, ಬೇಕಾದವರಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣದಾಗಿ ಕೊಯ್ದು ಸಡಿಲಿಸುತ್ತಾರೆ. ಅನಂತರ ಕಂಬಿಯಿಂದ ಜೋಡಿಸಿದ ಬೂಟುಗಳನ್ನು ಸುಮಾರು ಮೂರು ತಿಂಗಳು ಹಗಲೂ ರಾತ್ರಿಯೂ, ಆಮೇಲೆ ನಾಲ್ಕು ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿಯೂ ತೊಡಿಸಬೇಕು. ಪಾದ ಮತ್ತೆ ತಿರುಚಿಕೊಳ್ಳುವುದಕ್ಕೆ ಮುಖ್ಯ ಕಾರಣ, ಮಗು ಅಳುವುದೆಂದು ಮನೆಯವರು ಆ ಬೂಟುಗಳನ್ನು ಬಿಚ್ಚಿಬಿಡುವುದು. ರಾತ್ರಿಯೆಲ್ಲ ಎದ್ದು ಕುಳಿತು, ಅಳುವ ಮಗುವನ್ನು ಸಂತೈಸಿ, ಬೂಟನ್ನು ಬಿಚ್ಚದೆ ಉಳಿಸುವ ತಾಯಿಯ ವ್ರತವು ಯಾವ ಸೋಮವಾರದ ಉಪವಾಸಕ್ಕೂ ಕಡಿಮೆಯಲ್ಲ; ಆ ವ್ರತದಲ್ಲಿ ತಂದೆಗೂ ಪಾಲಿರಬೇಕು. ತೊಡೆಯ ಮೂಳೆ ಸೊಂಟದ ಕೀಲಿನಲ್ಲಿ ಸರಿಯಾಗಿ ಕೂರದ ಮಕ್ಕಳಿಗೂ ಬೇಗ ಪತ್ತೆಯಾದರೆ ಚಿಕಿತ್ಸೆ ಸುಲಭ; ಮಗುವಿನ ಕಾಲುಗಳನ್ನು ನೆಟ್ಟಗೆ ಬಿಗಿದು ಸುತ್ತುವುದು ಆ ಕೀಲಿಗೆ ಕೆಟ್ಟದ್ದು, ಸೊಂಟದ ಮೇಲೆ ಕಾಲಗಲಿಸಿ ಎತ್ತಿಕೊಳ್ಳುವ ನಮ್ಮ ಹಳ್ಳಿಯ ತಾಯಂದಿರ ರೂಢಿ ಒಳ್ಳೆಯದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟಪಾದವೂ ಸೊಂಟದ ಕೀಲಿನ ದೋಷವೂ ಸೇರಿವೆ. ಅದರಡಿಯಲ್ಲಿ ತಪಾಸಣೆಗಾಗಲಿ ಚಿಕಿತ್ಸೆಗಾಗಲಿ ಹಣ ಕೊಡಬೇಕಾದುದಿಲ್ಲ. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯಲ್ಲೋ ನೆರೆಯಲ್ಲೋ ಒಳದಿರುಗಿದ ಪಾದದ ಮಗು ಹುಟ್ಟಿದರೆ, ಎಲುಬುಗಳು ಮೃದುವಾಗಿರುವ ಮೊದಲ ವಾರಗಳನ್ನು ಕಾರಣ ಹುಡುಕುವುದರಲ್ಲಿ ಕಳೆಯಬೇಡಿರಿ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ, ಬೆಂಗಳೂರಿನವರಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಸಂಜಯ ಗಾಂಧಿ ಅಸ್ಥಿಚಿಕಿತ್ಸಾ ಸಂಸ್ಥೆಗೋ ಮಗುವನ್ನು ಕರೆದೊಯ್ಯಿರಿ. ಬಾಣಂತಿಯನ್ನು ಏನನ್ನಾದರೂ ಕೇಳಲೇಬೇಕಾದರೆ, ಆಸ್ಪತ್ರೆಗೆ ಜೊತೆಯಲ್ಲಿ ನಾನೂ ಬರಲೆ ಎಂದು ಕೇಳಿರಿ.